ಪಾಸ್ಟನ್ ಮನೆತನದ ಕಾಗದಗಳು: ಮೂಲಲೇಖಗಳ ಸಂಗ್ರಹವೂ ಪರೀಕ್ಷೆಯೂ

ಯಾಜ್ಞವಲ್ಕ್ಯಸ್ಮೃತಿಯ ವ್ಯವಹಾರಾಧ್ಯಾಯದಲ್ಲಿ ಮಾನುಷಪ್ರಮಾಣವು ಲಿಖಿತ, ಭುಕ್ತಿ, ಸಾಕ್ಷಿ ಎಂದು ಮೂರು ಬಗೆಯಾಗಿ ವಿಂಗಡಿಸಲ್ಪಟ್ಟಿರುವುದು. ಸಾಲಪತ್ರವನ್ನು ಬರೆದು ಮುಗಿಸಿದ ಮೇಲೆ ಋಣಿಯಾದವನು ತನ್ನ ಹೆಸರನ್ನು ಸ್ವಹಸ್ತದಿಂದ ಅದರಲ್ಲಿ ಬರೆಯತಕ್ಕದ್ದೆಂದೂ ಅಲ್ಲಿಯೇ ವಿಧಿಸಿದೆ. ಲೇಖವೊಂದು ಪ್ರಮಾಣವಾಗಬೇಕಾದರೆ ಅದರಲ್ಲಿರುವ ಅರ್ಥವು ಯುಕ್ತವಾಗಿದ್ದರೆ ಸಾಲದು. ಅದನ್ನು ಬರೆದ ಕೈ ಯಾರದು, ಬರೆಯಿಸಿದ ಬಾಯಿ ಯಾರದು ಎಂಬುದು ನಿಶ್ಚಿತವಾಗಬೇಕು ಎಂಬುದೇ ಈ ವಿಧಿಯ ಆಶಯವು. ಗಂಗರ ತಾಮ್ರಶಾಸನಗಳ ವಿಷಯದಲ್ಲಿ ಫ್ಲೀಟ್ ಮತ್ತು ರೈಸ್ ಮಹಾಶಯರಿಗೆ ನಡೆದ ದೀರ್ಘವಾದ ವಾದವನ್ನು ಬಲ್ಲ ವಿದ್ವಾಂಸರಿಗೆ ಈ ಮಾತನ್ನು ವಿಸ್ತರಿಸಿ ಹೇಳಬೇಕಾದುದಿಲ್ಲ.

ಆದರೆ ಇಲ್ಲಿ ಒಂದು ಪ್ರಶ್ನೆಯುಂಟು. ಪ್ರಾಚೀನ ಲೇಖದ ಪಾಠವನ್ನು ಶುದ್ಧವಾಗಿ ಅಚ್ಚು ಹಾಕಿದ ಮೇಲೆ ಆ ಹಳೆಯ ಕಾಗದದಿಂದ ಇನ್ನೇನು ಪ್ರಯೋಜನವು? ಅದನ್ನು ಕಾಪಾಡುವುದು ಕೇವಲ ಕುತೂಹಲಿಗಳ ಹವ್ಯಾಸವೇ, ಅಥವಾ ಚರಿತ್ರೆಗೆ ಅವಶ್ಯವಾದ ಕಾರ್ಯವೇ? ಈ ಪ್ರಶ್ನೆಗೆ ಇಂಗ್ಲೆಂಡಿನ ಪಾಸ್ಟನ್ ಮನೆತನದ ಕಾಗದಗಳ ಕಥೆಯು ಕೊಡುವಷ್ಟು ಸ್ಪಷ್ಟವಾದ ಉತ್ತರವನ್ನು ಬೇರೊಂದು ಸಂಗ್ರಹವು ಕೊಡುವುದು ಅಪೂರ್ವವು.

೧

ಇಂಗ್ಲೆಂಡಿನ ಪೂರ್ವತೀರದ ನಾರ್ಫೋಕ್ ಪ್ರಾಂತದಲ್ಲಿ ಪಾಸ್ಟನ್ ಎಂಬ ಗ್ರಾಮವಿದೆ. ಅಲ್ಲಿ ೧೪೧೯ರಲ್ಲಿ ತೀರಿಕೊಂಡ ಕ್ಲೆಮೆಂಟನೆಂಬವನು ತನ್ನ ಹೊಲವನ್ನು ತಾನೇ ಉಳುತ್ತಿದ್ದ ಒಕ್ಕಲಿಗನು. ಅವನು ತನ್ನ ಮಗನಾದ ವಿಲಿಯಮನಿಗೆ ನ್ಯಾಯಶಾಸ್ತ್ರವನ್ನು ಓದಿಸಿದನು. ಆ ಮಗನು ನ್ಯಾಯಾಧೀಶನಾಗಿ, ಭೂಮಿಕಾಣಿಗಳನ್ನು ಸಂಪಾದಿಸಿ ೧೪೪೪ರಲ್ಲಿ ಕಾಲವಾದನು. ಅವನ ಮಗ ಜಾನ್, ಸೊಸೆ ಮಾರ್ಗರೆಟ್, ಮೊಮ್ಮಕ್ಕಳು—ಇವರ ಕಾಲವು ಯಾರ್ಕ್ ಮತ್ತು ಲ್ಯಾಂಕಾಸ್ಟರ್ ಎಂಬ ಎರಡು ರಾಜಶಾಖೆಗಳು ಸಿಂಹಾಸನಕ್ಕಾಗಿ ಹೊಡೆದಾಡುತ್ತಿದ್ದ ಕಾಲವು. ಸರ್ ಜಾನ್ ಫಾಸ್ಟಾಲ್ಫನೆಂಬ ವೃದ್ಧ ಸೇನಾನಿಯು ೧೪೫೯ರಲ್ಲಿ ಗತಿಸಲು ಅವನ ಮರಣಶಾಸನದ ಬಲದಿಂದ ಕೇಸ್ಟರ್ ಕೋಟೆಯು ಪಾಸ್ಟನ್ನರಿಗೆ ಬಂದಿತು. ಆ ಮರಣಶಾಸನದ ಮೇಲೆ ವ್ಯಾಜ್ಯಗಳು ಹುಟ್ಟಿದುವು. ೧೪೬೯ರಲ್ಲಿ ನಾರ್ಫೋಕಿನ ಡ್ಯೂಕನು ಸೈನ್ಯಸಮೇತನಾಗಿ ಬಂದು ಕೋಟೆಯನ್ನು ಮುತ್ತಿ ವಶಪಡಿಸಿಕೊಂಡನು.

ಗಂಡನು ವ್ಯಾಜ್ಯಗಳಿಗಾಗಿ ಲಂಡನ್ನಿನಲ್ಲಿ; ಹೆಂಡತಿಯು ಊರಿನಲ್ಲಿ ಮನೆಯನ್ನೂ ಹೊಲವನ್ನೂ ಕಾಯುತ್ತ ಒಕ್ಕಲುಗಳಿಂದ ಗೇಣಿಯನ್ನು ಎತ್ತುತ್ತ ಇರುವವಳು. ಆದಕಾರಣ ಇವರೊಳಗೆ ಕಾಗದಗಳ ಓಡಾಟವು ಎಡೆಬಿಡದೆ ನಡೆಯಿತು. ಒಡೆತನದ ವಿವಾದಗಳಲ್ಲಿ ಯಾವ ಕಾಗದವು ಯಾವಾಗ ಬೇಕಾಗುವುದೋ ಎಂಬ ಭಯದಿಂದ ಅವುಗಳನ್ನು ಕೆಡಿಸದೆ ಕಟ್ಟಿ ಇಟ್ಟರು. ಈ ಪ್ರಕಾರ ಉಳಿದುಬಂದ ಪತ್ರಗಳೂ ಇತರ ಲೇಖಗಳೂ ಸಾವಿರಕ್ಕೆ ಮೇಲ್ಪಟ್ಟಿವೆ. ರಾಜಕೀಯ ವಾರ್ತೆಯೊಡನೆ ಔಷಧ, ಬಟ್ಟೆ, ಮದುವೆ, ಸಾಲ, ಮಕ್ಕಳ ವಿದ್ಯಾಭ್ಯಾಸ ಎಲ್ಲವೂ ಅವುಗಳಲ್ಲಿ ಬೆರೆತಿರುವುವು. ೧೪೭೭ರ ಫೆಬ್ರವರಿಯಲ್ಲಿ ಮಾರ್ಜರಿ ಬ್ರೂಸ್ ಎಂಬ ಕನ್ಯೆಯು ತನ್ನನ್ನು ವರಿಸಲಿದ್ದ ಕಿರಿಯ ಜಾನ್ ಪಾಸ್ಟನ್ನನಿಗೆ ಕಳುಹಿಸಿದ ಪತ್ರವು ಇವುಗಳಲ್ಲಿ ಪ್ರಸಿದ್ಧವು. ತಂದೆಯು ಕೊಡಲೊಪ್ಪಿದ ವರದಕ್ಷಿಣೆಯು ವರನ ಕಡೆಯವರಿಗೆ ಸಾಲದೆ ಮಾತುಕತೆಯು ನಿಂತಿದ್ದ ಸಂದರ್ಭದಲ್ಲಿ ಬರೆಯಿಸಿದ ಈ ಪತ್ರವನ್ನು, ಸಂತ ವ್ಯಾಲೆಂಟೈನನ ಹಬ್ಬದ ಪ್ರಣಯಪತ್ರಗಳಲ್ಲಿ ಇಂಗ್ಲಿಷಿನಲ್ಲಿ ದೊರೆತ ಅತಿಪ್ರಾಚೀನವಾದುದೆಂದು ಪರಿಗಣಿಸುವರು. ಮದುವೆಯೇನೋ ನಡೆಯಿತು.

೨

ಮನೆತನವು ಮೇಲಕ್ಕೇರಿ ಯಾರ್ಮತ್ತಿನ ಅರ್ಲ್ ಪದವಿಯನ್ನು ಪಡೆದು, ಬಳಿಕ ಸಾಲದಲ್ಲಿ ಮುಳುಗಿ, ೧೭೩೨ರಲ್ಲಿ ಎರಡನೆಯ ಅರ್ಲನು ಗಂಡುಸಂತಾನವಿಲ್ಲದೆ ತೀರಿಕೊಳ್ಳಲು ಮುಗಿದುಹೋಯಿತು. ಈ ಅವನತಿಯ ಕಾಲದಲ್ಲಿ ಕಾಗದಗಳು ಮನೆಯಿಂದ ಹೊರಬಿದ್ದುವು. ಪೀಟರ್ ಲೆ ನೀವ್ ಎಂಬ ಪ್ರಾಚೀನವಸ್ತುಶೋಧಕನ ಸಂಗ್ರಹದ ಮೂಲಕವಾಗಿ ಪಾಲ್‌ಗ್ರೇವಿನ ಥಾಮಸ್ ಮಾರ್ಟಿನ್ನನಿಗೆ ಕೆಲವು ಸೇರಿದುವು. ಈ ಮಾರ್ಟಿನ್ನನು ಲೆ ನೀವನ ವಿಧವೆಯನ್ನು ಮದುವೆಯಾಗಿ ಅವನ ಪುಸ್ತಕರಾಶಿಗೂ ಒಡೆಯನಾದವನು. ೧೭೭೧ರಲ್ಲಿ ಮಾರ್ಟಿನ್ನನು ಗತಿಸಲು ಡಿಸ್ ಎಂಬ ಊರಿನ ಔಷಧವ್ಯಾಪಾರಿಯಾದ ಜಾನ್ ವರ್ತ್ ಎಂಬವನು ಅವುಗಳನ್ನು ಕೊಂಡನು. ಅವನೂ ಬೇಗನೆ ಕಾಲವಾಗಲು ಕಾಗದಗಳು ಜಾನ್ ಫೆನ್ ಮಹಾಶಯನ ಕೈಸೇರಿದುವು.

ಫೆನ್ನನು ಸಂಗ್ರಾಹಕರಲ್ಲಿ ಸಾಮಾನ್ಯನಲ್ಲ. ೧೭೮೭ರಲ್ಲಿ ಅವನು ಪ್ರಕಟಿಸಿದ ಎರಡು ಸಂಪುಟಗಳಲ್ಲಿ ಒಂದು ಪುಟಕ್ಕೆ ಮೂಲದ ಕಾಗುಣಿತವನ್ನೂ ಇದಿರು ಪುಟಕ್ಕೆ ತನ್ನ ಕಾಲದ ಕಾಗುಣಿತವನ್ನೂ ಅಚ್ಚು ಹಾಕಿಸಿದನು. ಇದಲ್ಲದೆ ರುಜುಗಳನ್ನೂ ಮುದ್ರೆಗಳನ್ನೂ ಕಾಗದದೊಳಗಿನ ನೀರ್ಗುರುತುಗಳನ್ನೂ ಚಿತ್ರಫಲಕಗಳಲ್ಲಿ ಕೊರೆಯಿಸಿ ಸೇರಿಸಿದನು. ಪತ್ರಗಳಲ್ಲಿ ಬಹುಪಾಲಿಗೆ ವರ್ಷವೇ ಇಲ್ಲ. ಇಂತಹ ಸಂತನ ಹಬ್ಬದ ಹಿಂದಿನ ದಿನ, ಮುಂದಿನ ಶುಕ್ರವಾರ ಎಂದಷ್ಟೆ ಇರುವುದು. ಶಕವರ್ಷವಿಲ್ಲದೆ ತಿಥಿವಾರಗಳು ಮಾತ್ರ ಉಳಿದ ಶಾಸನದ ಕಾಲವನ್ನು ನಿರ್ಣಯಿಸುವವನ ಕಷ್ಟವನ್ನೇ ಫೆನ್ನನೂ ಪಟ್ಟನು. ಗ್ರಂಥವು ದೊರೆಯಾದ ಮೂರನೆಯ ಜಾರ್ಜನ ಮೆಚ್ಚಿಕೆಯನ್ನು ಪಡೆಯಿತು. ಫೆನ್ನನು ಮೂಲಪತ್ರಗಳನ್ನು ಮೂರು ಸಂಪುಟಗಳಾಗಿ ಕಟ್ಟಿಸಿ ದೊರೆಗೆ ಒಪ್ಪಿಸಿದನು. ದೊರೆಯು ಅವನಿಗೆ ನೈಟ್ ಪದವಿಯನ್ನು ಕೊಟ್ಟನು. ೧೭೮೯ರಲ್ಲಿ ಮತ್ತೆರಡು ಸಂಪುಟಗಳು ಹೊರಬಂದುವು. ಐದನೆಯದು ಫೆನ್ನನು ೧೭೯೪ರಲ್ಲಿ ಗತಿಸಿ ಬಹುಕಾಲದ ಮೇಲೆ, ೧೮೨೩ರಲ್ಲಿ, ವಿಲಿಯಮ್ ಫ್ರೇರನಿಂದ ಪ್ರಕಟವಾಯಿತು.

ಅಷ್ಟರಲ್ಲಿ ದೊರೆಗೆ ಒಪ್ಪಿಸಿದ ಮೂಲಗಳು ಎಲ್ಲಿಯೂ ಕಾಣದಾದುವು. ಉಳಿದ ಸಂಪುಟಗಳ ಮೂಲಗಳ ಸುಳಿವೂ ಇಲ್ಲವಾಯಿತು. ಅಚ್ಚಾದ ಪುಸ್ತಕವನ್ನು ಎಲ್ಲರೂ ಓದುತ್ತಿದ್ದರು. ಅದಕ್ಕೆ ಸಾಕ್ಷಿಯಾದ ಕಾಗದವನ್ನು ಕಂಡವರು ಮಾತ್ರ ಒಬ್ಬರೂ ಉಳಿಯಲಿಲ್ಲ.

೩

ಈ ಸ್ಥಿತಿಯಲ್ಲಿ ೧೮೬೫ರಲ್ಲಿ ಹರ್ಮನ್ ಮೆರಿವೇಲ್ ಎಂಬ ವಿದ್ವಾಂಸನು ಪಾಸ್ಟನ್ ಪತ್ರಗಳು ನಿಜವಾದುವೇ ಎಂಬ ಸಂಶಯವನ್ನು ಪತ್ರಿಕೆಯಲ್ಲಿ ಎತ್ತಿದನು. ಈ ಸಂಶಯವನ್ನು ಕೇವಲ ಮತ್ಸರವೆಂದು ತಳ್ಳಿಬಿಡುವಂತಿರಲಿಲ್ಲ. ಫೆನ್ನನ ಮೊದಲ ಸಂಪುಟಗಳು ಬಂದು ಹತ್ತು ವರ್ಷವಾಗುವುದರೊಳಗೆ ಲಂಡನ್ನಿನಲ್ಲಿ ಆಂಗ್ಲೇಯ ವಿದ್ವಾಂಸರೆಲ್ಲ ನಾಚಬೇಕಾದ ಕೂಟಲೇಖ್ಯವೊಂದು ನಡೆದುಹೋಗಿತ್ತು. ವಿಲಿಯಮ್ ಹೆನ್ರಿ ಐರ್ಲೆಂಡನೆಂಬ ತರುಣ ಗುಮಾಸ್ತನು ಹಳೆಯ ಪುಸ್ತಕಗಳ ಬರಿಯ ಹಾಳೆಗಳನ್ನು ಸಂಪಾದಿಸಿ, ಹಳೆಯದರಂತೆ ತೋರುವ ಮಸಿಯನ್ನು ಮಾಡಿಸಿಕೊಂಡು, ಷೇಕ್ಸ್‌ಪಿಯರ್ ಕವಿಯ ರುಜುವುಳ್ಳ ಪತ್ರಗಳನ್ನು ಸೃಷ್ಟಿಸಿದನು. ಅವನ ತಂದೆಯು ಅವುಗಳನ್ನು ನಂಬಿ ೧೭೯೫ರಲ್ಲಿ ಮನೆಯಲ್ಲಿ ಪ್ರದರ್ಶಿಸಿದನು. ಜಾನ್ಸನ್ನನ ಚರಿತ್ರಕಾರನಾದ ಬಾಸ್ವೆಲನು ಮೊಣಕಾಲೂರಿ ಆ ಕಾಗದಗಳಿಗೆ ಮುತ್ತಿಟ್ಟನು. ೧೭೯೬ರಲ್ಲಿ ಎಡ್ಮಂಡ್ ಮಲೋನ್ ಪಂಡಿತನು ಅವುಗಳ ಅಕ್ಷರ, ಕಾಗುಣಿತ, ಕಾಲಗಳನ್ನು ಪರೀಕ್ಷಿಸಿ ಬಯಲಿಗೆಳೆದನು. ಎಲಿಜಬೆತ್ ರಾಣಿಯು ಕವಿಗೆ ಬರೆದಳೆಂಬ ಒಂದು ಪತ್ರದ ಮೇಲ್ವಿಳಾಸದಲ್ಲಿ ಗ್ಲೋಬ್ ನಾಟಕಶಾಲೆಯ ಹೆಸರಿದ್ದಿತು; ಒಳಗೆ ಲೆಸ್ಟರಿನ ಅರ್ಲನು ಬರುವನೆಂದಿದ್ದಿತು. ಅರ್ಲನು ಸತ್ತುದು ೧೫೮೮ರಲ್ಲಿ. ಗ್ಲೋಬನ್ನು ಕಟ್ಟಿದುದು ೧೫೯೯ರಲ್ಲಿ. ಷೇಕ್ಸ್‌ಪಿಯರನ ನಿರ್ವಿವಾದವಾದ ರುಜುಗಳೆಂದು ಇಂದಿಗೂ ಒಪ್ಪಿರುವುದು ಆರನ್ನು ಮಾತ್ರವೇ. ಅವನು ಬರೆದ ಪತ್ರವಂತೂ ಒಂದೂ ಉಳಿದಿಲ್ಲ. ಎಲ್ಲಿ ಆಸೆಯು ಹೆಚ್ಚೋ ಅಲ್ಲಿ ಕೂಟಲೇಖ್ಯಕ್ಕೆ ಎಡೆಯೂ ಹೆಚ್ಚು.

ಮೆರಿವೇಲನ ಪೂರ್ವಪಕ್ಷಕ್ಕೆ ಜೇಮ್ಸ್ ಗೇರ್ಡ್ನರ್ ಎಂಬ ರಾಜಲೇಖ್ಯಪಂಡಿತನು ಉತ್ತರವಿತ್ತನು. ಆದರೆ ಯುಕ್ತಿಯಿಂದ ಸಂಭವವನ್ನು ಸ್ಥಾಪಿಸಬಹುದಲ್ಲದೆ ಸಂಶಯವನ್ನು ಬೇರುಸಹಿತ ಕೀಳುವುದಾಗದು. ಅದೇ ೧೮೬೫ರಲ್ಲಿಯೇ ಫ್ರೇರ್ ಮನೆತನದವರ ಮನೆಯೊಂದರಲ್ಲಿ ಐದನೆಯ ಸಂಪುಟದ ಮೂಲಪತ್ರಗಳು ಸಿಕ್ಕಿದುವು. ಪ್ರಾಚೀನವಸ್ತುಶೋಧಕಸಂಘದ ವಿದ್ವಾಂಸರು ಅವುಗಳ ಕಾಗದ, ಅಕ್ಷರ, ಮುದ್ರೆಗಳನ್ನು ನೋಡಿ ಅಕೃತ್ರಿಮವೆಂದು ನಿರ್ಣಯಿಸಿದರು. ೧೮೭೫ರಲ್ಲಿ ನಾರ್ಫೋಕಿನ ರಾಯ್ಡನ್ ಹಾಲಿನಲ್ಲಿ ಮೂರು, ನಾಲ್ಕನೆಯ ಸಂಪುಟಗಳ ಮೂಲಗಳು ದೊರೆತುವು. ಫೆನ್ನನು ಅಚ್ಚು ಹಾಕದೆ ಬಿಟ್ಟಿದ್ದ ಪತ್ರಗಳೂ ಅವುಗಳ ಜೊತೆಯಲ್ಲಿದ್ದುವು. ಕಡೆಗೆ ೧೮೮೯ರಲ್ಲಿ ಸಫೋಕ್ ಪ್ರಾಂತದ ಆರ್ವೆಲ್ ಪಾರ್ಕ್ ಎಂಬ ಮನೆಯ ಪುಸ್ತಕಭಂಡಾರದಲ್ಲಿ, ದೊರೆಗೆ ಒಪ್ಪಿಸಿದ್ದ ಮೊದಲ ಸಂಪುಟಗಳ ಮೂಲಗಳೇ ಕಾಣಿಸಿಕೊಂಡುವು. ೧೯೩೩ರಲ್ಲಿ ಅವು ಬ್ರಿಟಿಷ್ ಮ್ಯೂಸಿಯಮ್ಮಿಗೆ ಬಂದುವು. ಈಗ ಪಾಸ್ಟನ್ ಪತ್ರಗಳಲ್ಲಿ ಬಹುಭಾಗವು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ.

ಮೂಲಗಳು ದೊರೆತುದರಿಂದ ಸಂಶಯವು ಪರಿಹಾರವಾದುದು ಮಾತ್ರವಲ್ಲ. ಅಚ್ಚಿನ ಪಾಠವು ಎಂದೂ ಹೇಳಲಾರದ ಸಂಗತಿಗಳೂ ತಿಳಿದುಬಂದುವು. ಮಾರ್ಗರೆಟ್ ಪಾಸ್ಟನ್ನಳ ಪತ್ರಗಳು ನೂರಕ್ಕೆ ಮೇಲ್ಪಟ್ಟಿವೆ. ಅಚ್ಚಿನಲ್ಲಿ ಅವುಗಳೆಲ್ಲ ಒಂದೇ ಕಂಠದಿಂದ ಹೊರಟಂತೆ ತೋರುವುವು. ಮೂಲದಲ್ಲಿಯಾದರೋ ಅವು ಅನೇಕ ಲಿಪಿಕಾರರ ಕೈಯಿಂದ ಬರೆಯಲ್ಪಟ್ಟಿವೆ. ನಾರ್ಮನ್ ಡೇವಿಸ್ ಪಂಡಿತನು ೧೯೭೧ರಲ್ಲಿ ಪ್ರಕಟಿಸಲು ತೊಡಗಿದ ಪರಿಷ್ಕರಣದಲ್ಲಿ ಒಂದೊಂದು ಪತ್ರದ ಕೈಯನ್ನೂ ಗುರುತಿಸಲೆಳಸಿದನು. ಆ ಹೆಂಗಸು ಹೇಳಿ ಬರೆಯಿಸುತ್ತಿದ್ದಳು. ಮಗನೋ ಮನೆಯ ಗುಮಾಸ್ತನೋ ಪಾದ್ರಿಯೋ ಬರೆಯುತ್ತಿದ್ದನು. ಹಾಗಾದರೆ ಅವಳ ಭಾಷೆಯೆಂದು ವೈಯಾಕರಣನು ಉದಾಹರಿಸುವ ರೂಪವು ಅವಳದೋ, ಬರೆದವನದೋ? ಗುಟ್ಟೆಂದು ಬರೆದುದನ್ನು ಎಷ್ಟು ಮಂದಿ ಬಲ್ಲವರಾಗಿದ್ದರು? ಇಂತಹ ಪ್ರಶ್ನೆಗಳು ಮೂಲವನ್ನು ಕಣ್ಣಿನಿಂದ ಕಂಡವನಿಗೆ ಮಾತ್ರ ಹುಟ್ಟುವುವು.

೪

ಇಲ್ಲಿಯವರೆಗೆ ಹೇಳಿದುದರಿಂದ ಸಂಗ್ರಾಹಕರೆಲ್ಲರೂ ಚರಿತ್ರೆಯ ರಕ್ಷಕರೆಂದು ಭಾವಿಸಲಾಗದು. ಫೆನ್ನನ ತರುವಾಯದ ಕಾಲದಲ್ಲಿ ಇಂಗ್ಲೆಂಡಿನಲ್ಲಿ ಹಸ್ತಾಕ್ಷರಗಳನ್ನು ಕೂಡಿಹಾಕುವ ಹುಚ್ಚು ಬಲವಾಯಿತು. ವಿಲಿಯಮ್ ಅಪ್ಕಾಟನು ಸುಮಾರು ೩೨,೦೦೦ ಪತ್ರಗಳನ್ನು ಸಂಪಾದಿಸಿದನು. ಯಾರ್ಮತ್ತಿನ ಸಾಹುಕಾರನಾದ ಡಾಸನ್ ಟರ್ನರನೂ, ಗ್ರಂಥಸಂಗ್ರಹದಲ್ಲಿ ಆಸ್ತಿಯನ್ನೆಲ್ಲ ಕರಗಿಸಿದ ಸರ್ ಥಾಮಸ್ ಫಿಲಿಪ್ಸನೂ ಇದೇ ಮಾರ್ಗದಲ್ಲಿ ನಡೆದರು. ಇವರಿಂದಾದ ಉಪಕಾರವು ಸಣ್ಣದಲ್ಲ. ವಾಟನ್ ಗ್ರಾಮದ ಈವ್ಲಿನ್ನರ ಮನೆಯಲ್ಲಿ ಹಳೆಯ ಕಾಗದಗಳನ್ನು ಉಡುಪಿನ ಮಾದರಿ ಕತ್ತರಿಸುವುದಕ್ಕೆ ಬಳಸುತ್ತಿದ್ದರಂತೆ. ಅಲ್ಲಿಗೆ ಹೋದ ಅಪ್ಕಾಟನ ಪ್ರಯತ್ನದಿಂದ ಜಾನ್ ಈವ್ಲಿನ್ನನ ದಿನಚರಿಯು ೧೮೧೮ರಲ್ಲಿ ಬೆಳಕು ಕಂಡಿತು.

ಅಪಕಾರವೂ ಹಾಗೆಯೇ. ಪಾರ್ಲಿಮೆಂಟಿನ ಸದಸ್ಯರು ಲಕೋಟೆಯ ಮೇಲೆ ರುಜು ಹಾಕಿದರೆ ಅಂಚೆಯ ಹಾಸಲಿಲ್ಲವೆಂಬ ಪದ್ಧತಿಯು ೧೮೪೦ರವರೆಗೆ ಇದ್ದಿತು. ೧೭೮೪ರಿಂದೀಚೆಗೆ ಸದಸ್ಯನು ಊರು, ತೇದಿ, ವಿಳಾಸಗಳನ್ನು ಸ್ವಹಸ್ತದಿಂದ ಬರೆಯಬೇಕಾಗಿದ್ದಿತು. ಆ ಕಾಲದ ಕಾಗದಕ್ಕೆ ಬೇರೆ ಲಕೋಟೆಯಿಲ್ಲ. ಬರೆದ ಹಾಳೆಯನ್ನೇ ಮಡಿಸಿ ಅರಗಿನಿಂದ ಮುದ್ರಿಸಿ ಹಿಂಬದಿಗೆ ವಿಳಾಸವನ್ನು ಬರೆಯುವರು. ಸಂಗ್ರಾಹಕರು ರುಜುವಿರುವ ಆ ತುಂಡನ್ನು ಕತ್ತರಿಸಿಕೊಂಡು ಪುಸ್ತಕಕ್ಕೆ ಅಂಟಿಸಿದರು. ಉಳಿದ ಹಾಳೆಯು ಹೋಯಿತು. ಹೆಸರು ಉಳಿದು ಮಾತು ನಶಿಸಿತು. ಸಂಗ್ರಾಹಕನು ಸತ್ತ ಮೇಲೆ ಹರಾಜಿನಲ್ಲಿ ಒಂದು ಕಟ್ಟು ಹತ್ತು ಕಡೆಗೆ ಚದರಿ, ಪ್ರಶ್ನೆಯೊಂದೆಡೆ ಪ್ರತ್ಯುತ್ತರವೊಂದೆಡೆ ಆಗುವುದೂ ಉಂಟು. ಇದಕ್ಕೆ ಪರಿಹಾರವಾಗಿ ೧೮೬೯ರಲ್ಲಿ ಚಾರಿತ್ರಿಕ ಹಸ್ತಲೇಖಗಳ ಆಯೋಗವು ಸ್ಥಾಪಿತವಾಯಿತು. ಅದು ಕಾಗದಗಳನ್ನು ಒಡೆಯರಿಂದ ಕಿತ್ತುಕೊಳ್ಳದೆ, ಯಾರ ಮನೆಯಲ್ಲಿ ಏನಿದೆ ಎಂದು ಪಟ್ಟಿಮಾಡಿ ಪ್ರಕಟಿಸುವ ಮಾರ್ಗವನ್ನು ಹಿಡಿಯಿತು.

೫

ಕರ್ಣಾಟಕಕ್ಕೂ ಈ ಆಂಗ್ಲೇಯ ಲೇಖಗಳಿಗೂ ಸಂಬಂಧವಿಲ್ಲದಿಲ್ಲ. ೧೭೯೯ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಮೇಲೆ ಅಲ್ಲಿ ಅಧಿಕಾರದಲ್ಲಿದ್ದ ಆರ್ಥರ್ ವೆಲ್ಲೆಸ್ಲಿಯು—ಮುಂದೆ ವೆಲ್ಲಿಂಗ್ಟನ್ನಿನ ಡ್ಯೂಕನಾದವನು—ಅಲ್ಲಿಂದಲೂ ೧೮೦೦ರಲ್ಲಿ ಧೋಂಡಿಯಾ ವಾಘನ ಬೆನ್ನಟ್ಟಿ ಹೋದ ಪಾಳೆಯಗಳಿಂದಲೂ ಬರೆದ ಪತ್ರಗಳು ಬಹಳವಾಗಿವೆ. ಎತ್ತು, ಅಕ್ಕಿ, ದಾರಿ, ಹೊಳೆಗಳ ವಿಷಯವು ಅವುಗಳಲ್ಲಿ ತುಂಬಿರುವುದರಿಂದ ಆ ಕಾಲದ ಕನ್ನಡನಾಡಿನ ಸ್ಥಿತಿಗೂ ಅವು ಆಧಾರಗಳು. ಅವನ ಲೇಖಗಳ ಮಹಾಸಂಗ್ರಹವು ೧೯೮೩ರಿಂದ ಸೌತಾಂಪ್ಟನ್ ವಿಶ್ವವಿದ್ಯಾನಿಲಯದಲ್ಲಿದೆ. ಅಚ್ಚಾದ ಸಂಪುಟಗಳಿಂದ ಉದಾಹರಿಸುವವರು, ಅವುಗಳಿಗೂ ಹಿಂದೆ ಮೂಲವೊಂದುಂಟೆಂಬುದನ್ನು ಮರೆಯಲಾಗದು.

ಪಾಸ್ಟನ್ನರ ಕಾಗದಗಳು ಉಳಿದುದು ಅವರು ಚರಿತ್ರೆಗಾಗಿ ಇಟ್ಟುದರಿಂದಲ್ಲ. ಹೊಲದ ವ್ಯಾಜ್ಯಕ್ಕಾಗಿ ಇಟ್ಟುದರಿಂದ. ನಮ್ಮ ನಾಡಿನ ಶಾನುಭೋಗರ ಮನೆಗಳಲ್ಲಿಯೂ ಮಠಗಳಲ್ಲಿಯೂ ಇರುವ ಕಡತ, ಸನ್ನದು, ನಿರೂಪಗಳ ಕಟ್ಟುಗಳೂ ಅಂತಹವೇ. ಅವುಗಳನ್ನು ಶೋಧಿಸುವವನು ರಾಜರ ಹೆಸರನ್ನು ಮಾತ್ರ ಹುಡುಕಿ ಉಳಿದುದನ್ನು ಬಿಸುಟರೆ ರುಜುವನ್ನು ಕತ್ತರಿಸಿಕೊಂಡ ಆಂಗ್ಲೇಯನಿಗೂ ಅವನಿಗೂ ಭೇದವಿಲ್ಲ. ಆದುದರಿಂದ ಕಟ್ಟನ್ನು ಬಿಚ್ಚುವುದಕ್ಕೆ ಮುಂಚೆ ಅದು ಯಾರ ಮನೆಯದು, ಯಾರ ಕೈಯಿಂದ ಬಂದಿತು, ಯಾವ ಕಾಗದದ ಮೇಲೆ ಯಾವುದು ಇದ್ದಿತು ಎಂಬುದನ್ನು ಬರೆದಿಟ್ಟುಕೊಳ್ಳತಕ್ಕದ್ದು. ಪಾಠವನ್ನು ನಕಲು ಮಾಡುವುದು ಅದರ ತರುವಾಯದ ಕೆಲಸವು. ನಕಲಾದ ಮೇಲೂ ಮೂಲವನ್ನು ಅದರ ಕಟ್ಟಿನಲ್ಲಿಯೇ ಇಡತಕ್ಕದ್ದು. ಫೆನ್ನನು ಪ್ರಾಮಾಣಿಕನೆಂಬುದು ಲೋಕಕ್ಕೆ ನಿಶ್ಚಯವಾಗಲು ಅವನು ಸತ್ತು ಎಪ್ಪತ್ತು ವರ್ಷಗಳು ಸಂದುವು. ಅವನ ಪಕ್ಷದಲ್ಲಿ ಕೊನೆಗೆ ಸಾಕ್ಷಿ ನುಡಿದುವು, ಮನೆಗಳ ಮೂಲೆಯಲ್ಲಿ ಉಳಿದಿದ್ದ ಆ ಹಳೆಯ ಕಾಗದಗಳೇ.