ಜಪಾನಿ ಕಲಿಯಹೊರಟ ಮೊದಲ ಯುರೋಪಿನವರು

ಜಪಾನಿ ಬಹಳ ಕಠಿಣ ಭಾಷೆ ಎಂಬ ಮಾತನ್ನು ನಾವು ಕೇಳುತ್ತಲೇ ಬಂದಿದ್ದೇವೆ. ಅದರ ಲಿಪಿಯ ಮಟ್ಟಿಗೆ ಈ ಮಾತು ನಿಜ. ಆದರೆ ವ್ಯಾಕರಣದ ವಿಷಯದಲ್ಲಿ ಇದು ಮುಖ್ಯವಾಗಿ ಯುರೋಪಿನವರ ದೂರು. 'ನಾನು ನೀರನ್ನು ಕುಡಿಯುತ್ತೇನೆ' ಎನ್ನಲು ಜಪಾನಿಯರು 'ವತಾಶಿ ವಾ ಮಿಜು ಒ ನೊಮು' ಎನ್ನುತ್ತಾರೆ. ಮಿಜು ಎಂದರೆ ನೀರು. ಅದರ ಹಿಂದೆ ಬರುವ 'ಒ' ನಮ್ಮ 'ಅನ್ನು'. ಕ್ರಿಯಾಪದ ನಮ್ಮಲ್ಲಿರುವಂತೆಯೇ ಕೊನೆಗೆ. 'ಬರುತ್ತೇನೆ ಎಂದು ಹೇಳಿದ' ಎಂಬುದು 'ಕುರು ತೊ ಇತ್ತಾ'. ಇಲ್ಲಿನ 'ತೊ' ನಮ್ಮ 'ಎಂದು' ಮಾಡುವ ಕೆಲಸವನ್ನೇ ಮಾಡುತ್ತದೆ. ಹೀಗೆಂದು ಎರಡೂ ಒಂದೇ ಕುಲದ ಭಾಷೆಗಳೆಂದು ಹೇಳುವಂತಿಲ್ಲ. ಜಪಾನಿಗೂ ತಮಿಳಿಗೂ ನಂಟು ಹೇಳಿದ ಸುಸುಮು ಓನೊ ಅವರ ವಾದವನ್ನು ಹೆಚ್ಚಿನ ಭಾಷಾತಜ್ಞರು ಒಪ್ಪಿಲ್ಲ.

ಈ ಭಾಷೆಯನ್ನು ಪುಸ್ತಕ ಬರೆದು ಕಲಿಸಲು ಮೊದಲು ಶ್ರಮಿಸಿದ ಯುರೋಪಿನವರು ಜೆಸುಯಿಟ್ ಪಾದ್ರಿಗಳು. ಅವರ ಮುದ್ರಣಯಂತ್ರ ಜಪಾನಿಗೆ ಹೋದದ್ದು ನಮ್ಮ ನೆರೆಯ ಗೋವಾದ ಮೂಲಕ. ಯುರೋಪು ನೋಡಿ ಹಿಂತಿರುಗುತ್ತಿದ್ದ ಜಪಾನಿ ತರುಣರ ತಂಡವೊಂದು ಗೋವಾದಲ್ಲಿ ತಂಗಿದ್ದಾಗ, ಅವರಲ್ಲೊಬ್ಬನಾದ ಹಾರಾ ಮಾರ್ತಿನೊ ಲ್ಯಾಟಿನ್‌ನಲ್ಲಿ ಮಾಡಿದ ಭಾಷಣ 1588ರಲ್ಲಿ ಅಲ್ಲಿಯೇ ಅಚ್ಚಾಯಿತು. 1590ರಲ್ಲಿ ಯಂತ್ರ ಅವರೊಂದಿಗೆ ಜಪಾನ್ ಸೇರಿತು.

ಪಾದ್ರಿಗಳಿಗೆ ಬೇಕಾಗಿದ್ದುದು ಪಂಡಿತರ ಭಾಷೆಯಷ್ಟೇ ಅಲ್ಲ, ಬೀದಿಯಲ್ಲಿ ಆಡುವ ಮಾತು ಕೂಡ. ಫಾಬಿಯನ್ ಫುಕನ್ ಎಂಬ ಜಪಾನಿ ಸಹೋದರ, ಹೈಕೆ ಮನೆತನದ ಯುದ್ಧಕತೆಯನ್ನು ಇಬ್ಬರ ಸಂಭಾಷಣೆಯ ರೂಪದಲ್ಲಿ ಅಂದಿನ ಆಡುಮಾತಿಗೆ ಇಳಿಸಿದನು. ಅದು ರೋಮನ್ ಅಕ್ಷರಗಳಲ್ಲಿ 1592ರ ಇಸವಿ ಹೊತ್ತು ಅಚ್ಚಾಯಿತು. ಮರುವರ್ಷ ಈಸೋಪನ ಕತೆಗಳೂ ಬಂದವು. 1603ರಲ್ಲಿ ನಾಗಸಾಕಿಯಲ್ಲಿ ಹೊರಬರತೊಡಗಿದ ಜಪಾನಿ-ಪೋರ್ಚುಗೀಸ್ ಕೋಶದಲ್ಲಿ, ಮರುವರ್ಷದ ಪುರವಣಿಯೂ ಸೇರಿ ಸುಮಾರು 32,000 ಪದಗಳಿವೆ. ಯಾವುದು ಕ್ಯೂಶು ಸೀಮೆಯ ಮಾತು, ಯಾವುದು ಹೆಂಗಸರ ಮಾತು, ಯಾವುದು ಕಾವ್ಯದ್ದು ಎಂದೂ ಅದು ಗುರುತಿಸುತ್ತದೆ.

ಹುಡುಗನಾಗಿದ್ದಾಗಲೇ ಜಪಾನಿಗೆ ಹೋಗಿ, ಹಿದೆಯೋಶಿ ಮತ್ತು ಇಯೆಯಾಸುರಂತಹ ಆಳುವವರಿಗೆ ದುಭಾಷಿಯಾದ ಜುವಾಂವ್ ರೊಡ್ರಿಗಸ್ 1604ರಿಂದ 1608ರ ನಡುವೆ ದೊಡ್ಡ ವ್ಯಾಕರಣವನ್ನು ಅಚ್ಚು ಹಾಕಿಸಿದನು. ಲ್ಯಾಟಿನ್ ವ್ಯಾಕರಣದ ಅಚ್ಚಿನಲ್ಲಿ ಜಪಾನಿಯನ್ನು ಹೊಯ್ಯಲು ಅವನು ಪಟ್ಟ ಪಾಡು ನಮಗೆ ವಿಚಿತ್ರವೆನಿಸೀತು. ಪ್ರತ್ಯಯ ಹಚ್ಚುವ ಭಾಷೆಯಾಡುವ ನಮಗೆ ಅದರ ಅಗತ್ಯವೇ ಇರಲಿಲ್ಲ! ಇದೇ ಬಗೆಯ ಪ್ರಯತ್ನವನ್ನು ಗೋವಾದಲ್ಲಿ ಥಾಮಸ್ ಸ್ಟೀಫನ್ಸ್ ಕೊಂಕಣಿಗಾಗಿ ಮಾಡಿದನು. ಅವನ ವ್ಯಾಕರಣ 1640ರಲ್ಲಿ, ಅವನ ಮರಣಾನಂತರ, ಅಚ್ಚಾಯಿತು.

ಇವರೆಲ್ಲ ನಿಸ್ವಾರ್ಥ ಭಾಷಾಪ್ರೇಮಿಗಳಾಗಿದ್ದರೆಂದು ನಾವು ಭಾವಿಸಬೇಕಾಗಿಲ್ಲ. ಮತಪ್ರಚಾರ ಅವರ ಗುರಿ. ರೊಡ್ರಿಗಸ್ ರೇಷ್ಮೆ ವ್ಯಾಪಾರದಲ್ಲೂ ಕೈಯಾಡಿಸಿದವನು. 1610ರಲ್ಲಿ ಅವನನ್ನು ದೇಶದಿಂದ ಹೊರಹಾಕಲಾಯಿತು. 1614ರಲ್ಲಿ ಪಾದ್ರಿಗಳೆಲ್ಲರಿಗೂ ಗಡೀಪಾರಿನ ಆಜ್ಞೆಯಾಯಿತು; ಮುದ್ರಣಯಂತ್ರವೂ ಮಕಾವ್‌ಗೆ ಹೋಯಿತು. 1620ರಲ್ಲಿ ಅಲ್ಲಿಂದಲೇ ರೊಡ್ರಿಗಸ್, ಹೊಸದಾಗಿ ಕಲಿಯುವವರಿಗಾಗಿಯೇ, ಸಂಕ್ಷಿಪ್ತ ವ್ಯಾಕರಣವೊಂದನ್ನು ಪ್ರಕಟಿಸಿದನು. ಕಲಿತು ಹೋಗಬೇಕಾದ ನಾಡಿನ ಬಾಗಿಲು ಮುಚ್ಚುತ್ತಿದ್ದಾಗ ಬಂದ ಬಾಲಬೋಧೆ ಅದು. ಅದೇ ವರ್ಷ, ಆ ಮತವನ್ನು ಆಗಲೇ ತೊರೆದಿದ್ದ ಫಾಬಿಯನ್ ಅದರ ವಿರುದ್ಧ ಖಂಡನಗ್ರಂಥ ಬರೆದನು.

ಪೋರ್ಚುಗೀಸರು ಹೋದರೂ ಅವರ ಕೆಲವು ಪದಗಳು ಜಪಾನಿನಲ್ಲೇ ಉಳಿದವು. ನಮ್ಮ ಪಾವ್ ಅಲ್ಲಿ 'ಪಾನ್', ತಂಬಾಕು 'ತಬಾಕೊ'. ಅರಬಿಯ 'ಸಾಬೂನ್' ನಮ್ಮ ಸಾಬೂನಿನ ಸೋದರ. ಪೋರ್ಚುಗೀಸರ 'ಸಬಾಂವ್' ಜಪಾನಿನಲ್ಲಿ 'ಶಾಬೊನ್' ಆಯಿತು.

ಫಾಬಿಯನ್ನನ ಪುಸ್ತಕದ ಒಂದೇ ಪ್ರತಿ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿ ಉಳಿದಿದೆ. ನಾಲ್ಕು ಶತಮಾನಗಳ ಹಿಂದೆ ತಮ್ಮ ಹಿರಿಯರು ಹೇಗೆ ಮಾತಾಡುತ್ತಿದ್ದರೆಂದು ತಿಳಿಯಲು ಜಪಾನಿ ವಿದ್ವಾಂಸರೇ ಇಂದು ಈ ರೋಮನ್ ಪುಟಗಳನ್ನು ನೋಡುತ್ತಾರೆ. ಅಂದಿನ ಕೋಶದಲ್ಲಿ ಹೂವಿಗೆ 'ಫನ' ಎಂದಿದೆ. ಇಂದಿನವರು 'ಹನ' ಎನ್ನುತ್ತಾರೆ. ಅದಕ್ಕೂ ಹಿಂದೆ ಆ ಧ್ವನಿ 'ಪ' ಆಗಿತ್ತಂತೆ. ಹಳಗನ್ನಡದ 'ಪೂ' ನಮ್ಮ ಬಾಯಲ್ಲೂ 'ಹೂ' ಆಗಿದೆಯಲ್ಲ!