ಟ್ರೇಲರ್ ಜೋಡಣೆಯ ತಪಾಸಣೆ

ಟ್ರೇಲರ್ ಎಳೆಯುವ ಟ್ರಕ್ಕಿನ ಚಾಲಕ ಹೊರಡುವ ಮುನ್ನ ಮಾಡುವ ಪರಿಶೀಲನೆ. ಅಮೆರಿಕದ ಫೆಡರಲ್ ನಿಯಮ 392.7ರ ಪ್ರಕಾರ, ಜೋಡಣೆ ಸಾಧನಗಳು ಸುಸ್ಥಿತಿಯಲ್ಲಿವೆಯೆಂದು ಮನವರಿಕೆಯಾಗದೆ ಗಾಡಿ ಓಡಿಸುವಂತಿಲ್ಲ. ಟ್ರೇಲರಿನ ತಳದ ಕಿಂಗ್‌ಪಿನ್ ಸಾಮಾನ್ಯವಾಗಿ 2 ಅಂಗುಲ ದಪ್ಪ; ಇಡೀ ಭಾರವನ್ನು ಎಳೆಯುವುದು ಅದೊಂದರಿಂದಲೇ. ಅದನ್ನು ಹಿಡಿಯುವ ‘ಫಿಫ್ತ್ ವೀಲ್’ ಹೆಸರಿಗಷ್ಟೇ ಚಕ್ರ, ನಿಜದಲ್ಲಿ ಗ್ರೀಸ್ ಬಳಿದ ಉಕ್ಕಿನ ತಟ್ಟೆ. ಚಾಲಕ ಟಾರ್ಚ್ ಹಿಡಿದು ಟ್ರೇಲರಿನಡಿ ಬಗ್ಗಿ, ಆ ತಟ್ಟೆಯ ದವಡೆ ಪಿನ್ನಿನ ಕುತ್ತಿಗೆಯನ್ನು ಸುತ್ತುವರಿದಿದೆಯೇ ಎಂದು ನೋಡುತ್ತಾನೆ. ತಟ್ಟೆಗೂ ಟ್ರೇಲರಿಗೂ ನಡುವೆ ಬೆಳಕು ತೂರಿದರೆ ಅನುಮಾನಿಸಬೇಕು. ಟ್ರೇಲರ್ ಬ್ರೇಕ್ ಹಾಕಿ, ಕೆಳಗಿನ ಗೇರಿನಲ್ಲಿ ಮೆಲ್ಲನೆ ಮುಂದಕ್ಕೆ ಜಗ್ಗಿ ನೋಡುವುದೂ ಉಂಟು. ಆದರೆ ಪಿನ್ ದವಡೆಯೊಳಗೆ ಇಳಿಯದೆ ಮೇಲೆಯೇ ಸಿಕ್ಕಿಕೊಂಡಿದ್ದರೂ ಈ ಜಗ್ಗಾಟದಲ್ಲಿ ಕಳಚದೆ ಇರಬಹುದು. ಹಾಗಾಗಿ ಕಣ್ಣಾರೆ ನೋಡುವುದಕ್ಕೆ ಇದು ಬದಲಿಯಲ್ಲ. ಟ್ರಕ್ಕಿನಿಂದ ಟ್ರೇಲರಿನ ಬ್ರೇಕಿಗೆ ಹೋಗುವ ಗಾಳಿಯ ಕೊಳವೆಗಳನ್ನೂ ನೋಡಬೇಕು: ಕೆಂಪು ಗಾಳಿ ಪೂರೈಕೆಯದು, ನೀಲಿ ಚಾಲಕನ ಬ್ರೇಕಿನದು. ಕೆಂಪು ಕಳಚಿದರೆ ಟ್ರೇಲರಿನ ಬ್ರೇಕ್ ತಾನಾಗಿ ಬೀಳುತ್ತದೆ.