ಸೈರಂಧ್ರಿಯ ಮೊರೆ, ಚೆನ್ನಮ್ಮನ ಸೆರೆ

ಯುದ್ಧವೆಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ಕತ್ತಿ ಹಿರಿದ ವೀರನ ಚಿತ್ರ. ರಾಜ್ಯವಳಿದ ಮೇಲೆ ಪರರ ಆಳಿಕೆಯಲ್ಲಿ ದಿನಗಳೆಯಬೇಕಾದ ಹೆಣ್ಣಿನ ಪಾಡು ಇತಿಹಾಸದ ಪುಟಗಳಲ್ಲಿ ಒಂದೆರಡು ಸಾಲಿಗೆ ಮುಗಿದುಹೋಗುತ್ತದೆ. ಆ ಪಾಡನ್ನು ಜನರೆದುರು ತಂದು ನಿಲ್ಲಿಸಿದ ಕೀರ್ತಿ ಬಹುಮಟ್ಟಿಗೆ ರಂಗಭೂಮಿಗೆ ಸಲ್ಲಬೇಕು. ಕೊಲ್ಲಾಪುರ, ಇಚಲಕರಂಜಿ, ಗಡಹಿಂಗ್ಲಜಗಳ ಕನ್ನಡಿಗರಾದ ನಮಗೆ ಈ ಕಥೆ ದೂರದ್ದಲ್ಲ. ನೆರೆಯ ಮರಾಠಿ ರಂಗಭೂಮಿಯ ಒಂದು ಬೇರು ಕನ್ನಡದ ಮಣ್ಣಿನಲ್ಲಿಯೇ ಇದೆ.

1842ರಲ್ಲಿ ಹೊನ್ನಾವರದ ಬಳಿಯ ಕರ್ಕಿಯ ಭಾಗವತ ಮೇಳವು ಸಾಂಗಲಿಗೆ ಬಂದು ಆಟವಾಡಿತು. ಅದನ್ನು ಕಂಡ ಸಂಸ್ಥಾನಿಕ ಚಿಂತಾಮಣರಾವ ಪಟವರ್ಧನರು ಅಂಥದೇ ಆಟವನ್ನು ಮರಾಠಿಯಲ್ಲಿ ರಚಿಸಲು ವಿಷ್ಣುದಾಸ ಭಾವೆಯವರಿಗೆ ಅಪ್ಪಣೆಯಿತ್ತರು. ಮರುವರ್ಷ ‘ಸೀತಾಸ್ವಯಂವರ’ವು ರಂಗವೇರಿತು.

ಅದೇ ಸಾಂಗಲಿಯಲ್ಲಿ 1872ರಲ್ಲಿ ಜನಿಸಿದವರು ಕೃಷ್ಣಾಜಿ ಪ್ರಭಾಕರ ಖಾಡಿಲಕರರು. ಟಿಳಕರ ‘ಕೇಸರಿ’ಯಲ್ಲಿ ದುಡಿದ ಅವರ ‘ಕೀಚಕವಧ’ ನಾಟಕವು 1907ರಲ್ಲಿ ಪ್ರಯೋಗಗೊಂಡಿತು. ಕಥೆ ವಿರಾಟಪರ್ವದ್ದು, ಕುಮಾರವ್ಯಾಸನ ಭಾರತವನ್ನೂ ಬಯಲಾಟವನ್ನೂ ಬಲ್ಲ ಕನ್ನಡಿಗನಿಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ. ರಾಜ್ಯವನ್ನು ಕಳೆದುಕೊಂಡವರ ಮಡದಿ ದ್ರೌಪದಿ ಸೈರಂಧ್ರಿಯಾಗಿ ಪರರ ಅರಮನೆಯಲ್ಲಿ ಊಳಿಗ ಮಾಡುತ್ತಾಳೆ; ಅಧಿಕಾರದ ಮದವೇರಿದ ಕೀಚಕನು ಅವಳ ಮೇಲೆ ಕೈಮಾಡುತ್ತಾನೆ. ಆದರೆ ಅಂದಿನ ಪ್ರೇಕ್ಷಕರು ಕಂಡುದೇ ಬೇರೆ. ವಂಗಭಂಗವಾಗಿ ಎರಡು ವರ್ಷವೂ ತುಂಬಿರಲಿಲ್ಲ. ಕೀಚಕನಲ್ಲಿ ಅವರು ಲಾರ್ಡ್ ಕರ್ಜನ್ನನನ್ನು ಕಂಡರು. ತಾಳ್ಮೆ ಹೇಳುವ ಧರ್ಮರಾಯನಲ್ಲಿ ಮಂದಗಾಮಿಗಳನ್ನೂ ಸಿಡಿದೇಳುವ ಭೀಮನಲ್ಲಿ ತೀವ್ರಗಾಮಿಗಳನ್ನೂ ಕಂಡರು. ಸೈರಂಧ್ರಿಯಲ್ಲಿ ತಾಯ್ನಾಡನ್ನು ಕಂಡರು. ಸರಕಾರವೂ ಅದನ್ನೇ ಕಂಡಿತು. 1910ರಲ್ಲಿ ನಾಟಕಕ್ಕೆ ನಿಷೇಧ ಬಂದಿತು. ಅದೇ ವರ್ಷ ಆಂಗ್ಲ ಪತ್ರಕರ್ತ ವ್ಯಾಲೆಂಟೈನ್ ಚಿರೋಲನು ಹಿಂದುಸ್ಥಾನದ ಅಶಾಂತಿಯನ್ನು ಕುರಿತು ಬರೆದ ಗ್ರಂಥದಲ್ಲಿ ಈ ನಾಟಕವನ್ನು ಹೆಸರಿಸಿ ದೂರಿದನು. ಅದೇ ಗ್ರಂಥದ ಒಂದು ಅಧ್ಯಾಯವು ಪುಣೆ ಮತ್ತು ಕೊಲ್ಲಾಪುರಗಳಿಗೇ ಮೀಸಲಾಗಿದೆ.

ಸಭೆಯಲ್ಲಿ ಆಡಲಾಗದ ಮಾತನ್ನು ರಂಗದ ಮೇಲೆ ಹೆಣ್ಣೊಬ್ಬಳ ಮೊರೆಯು ಆಡಿತು. ಇದು ನಾಟಕದ ಹಿರಿಮೆ. ಆದರೂ ಒಂದು ಕೊರತೆಯನ್ನು ಒಪ್ಪಿಕೊಳ್ಳಬೇಕು. ಅಂದಿನ ರೂಢಿಯಂತೆ ಸ್ತ್ರೀಪಾತ್ರವನ್ನು ಪುರುಷನೇ ಧರಿಸುತ್ತಿದ್ದನು. ಸೈರಂಧ್ರಿಯು ದೇಶದ ಸಂಕೇತವಾದಳು; ಅವಳ ಸ್ವಂತ ನೋವು ಆ ಸಂಕೇತದ ಹಿಂದೆ ಮರೆಯಾಯಿತು. ಭೀಮನು ಕೀಚಕನನ್ನು ಕೊಂದೊಡನೆ ತೆರೆ ಬೀಳಬಹುದು. ಆದರೆ ಎಲ್ಲ ಹೆಣ್ಣುಮಕ್ಕಳಿಗೂ ಭೀಮನು ದೊರೆಯುವುದಿಲ್ಲ.

ಕಿತ್ತೂರಿನ ಚೆನ್ನಮ್ಮನನ್ನೇ ನೆನೆಯೋಣ. 1824ರ ಅಕ್ಟೋಬರ 23ರಂದು ಕಿತ್ತೂರಿನವರು ಧಾರವಾಡದ ಕಲೆಕ್ಟರ ಥ್ಯಾಕರೆಯನ್ನು ಕೆಡವಿದರು. ಡಿಸೆಂಬರದಲ್ಲಿ ಆಂಗ್ಲರ ದೊಡ್ಡ ಸೈನ್ಯ ಬಂದು ಕೋಟೆಯನ್ನು ಹಿಡಿಯಿತು. ರಾಣಿ ಬೈಲಹೊಂಗಲದಲ್ಲಿ ಸೆರೆಯಾಗಿ, ನಾಲ್ಕು ವರ್ಷಗಳಿಗೂ ಮೀರಿ ಅಲ್ಲಿದ್ದು, 1829ರ ಫೆಬ್ರುವರಿಯಲ್ಲಿ ಅಲ್ಲಿಯೇ ತೀರಿಕೊಂಡಳು. ಅವಳಿಗಾಗಿ ಹೋರಾಡಿದ ಸಂಗೊಳ್ಳಿ ರಾಯಣ್ಣನನ್ನು 1831ರ ಜನವರಿ 26ರಂದು ನಂದಗಡದಲ್ಲಿ ಗಲ್ಲಿಗೇರಿಸಿದರು. ಲಾವಣಿಯೂ ನಾಟಕವೂ 1961ರಲ್ಲಿ ಬಿ. ಆರ್. ಪಂತುಲು ಅವರು ತೆಗೆದ ಚಲಚ್ಚಿತ್ರವೂ ಈ ವೀರಕಥೆಯನ್ನು ಮನೆಮನೆಗೆ ಮುಟ್ಟಿಸಿವೆ.

ನಮ್ಮ ಕನ್ನಡ ಶಾಲೆಗಳ ಸಮಾರಂಭಗಳಲ್ಲಿ ಚಿಕ್ಕ ಹುಡುಗಿಯೊಬ್ಬಳು ಕತ್ತಿ ಹಿಡಿದು, ಕಪ್ಪ ಕೇಳಿದವನಿಗೆ ಎದುರು ಮಾತಾಡುವಾಗ ಯಾರ ಎದೆ ಉಬ್ಬುವುದಿಲ್ಲ? ಆದರೆ ಆ ಪ್ರವೇಶಕ್ಕೇ ಆಟ ಮುಗಿಯದಿರಲಿ. ಕತ್ತಿ ಕಸಿದ ಮೇಲೆ, ಗಂಡನೂ ಮಗನೂ ರಾಜ್ಯವೂ ಇಲ್ಲದೆ, ಬೈಲಹೊಂಗಲದ ಸೆರೆಯಲ್ಲಿ ದಿನಗಳನ್ನು ಎಣಿಸಿದ ಮುದುಕಿಯನ್ನೂ ನಮ್ಮ ಮಕ್ಕಳು ಒಮ್ಮೆ ಆಡಿ ತೋರಿಸಲಿ. ಯುದ್ಧದಲ್ಲಿ ಸಿಕ್ಕ ಹೆಣ್ಣಿನ ಧೈರ್ಯವು ರಣರಂಗದಲ್ಲಿ ಒಂದು ದಿನ ಮೆರೆದದ್ದು. ಸೆರೆಯಲ್ಲಿ ಅದು ವರ್ಷಗಳ ಕಾಲ ಉಳಿದದ್ದು. ಎರಡನ್ನೂ ನೆನೆಯುವುದೇ ಇತಿಹಾಸಕ್ಕೆ ನಾವು ಸಲ್ಲಿಸಬೇಕಾದ ಋಣ.